ತಾಮ್ರದ ಹುಳು, ತಳದ ಮೀನು

ಕೊಪ್ಪಳ ಜಿಲ್ಲೆಯಲ್ಲಿ ಟ್ರೌಟ್ ಮೀನು ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ತಣ್ಣಗೆ ಕೊರೆಯುವ, ಕಲ್ಲಿನ ಮೇಲೆ ಹಾಯುವ ನೀರು ಅದಕ್ಕೆ ಬೇಕು. 10ರಿಂದ 18 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಹಾಯಾಗಿರುತ್ತದೆ, 20 ದಾಟಿದರೆ ಮೇವು ಬೇಡವೆನ್ನುತ್ತದೆ, 25ರ ಹತ್ತಿರ ಬಂದರೆ ಜೀವಕ್ಕೇ ಕುತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಟ್ರೌಟಿಗೋ ಅದು ಹೆಚ್ಚು ಬೇಕು. ನಮ್ಮಲ್ಲಿ ಏಪ್ರಿಲ್ ಬಂತೆಂದರೆ ಗಾಳಿಯೇ 40 ಡಿಗ್ರಿ ಮುಟ್ಟಿರುತ್ತದೆ. ಹೀಗಿದ್ದೂ ಟ್ರೌಟಿಗಾಗಿ ಕಟ್ಟುವ ಒಂದು ಪುಟ್ಟ ಹುಳುವಿನ ಬಗ್ಗೆ ಈ ವಾರ ಬರೆಯುತ್ತಿದ್ದೇನೆ. ಮೀನು ಮತ್ತು ಕೊಕ್ಕೆಯನ್ನು ಬಿಟ್ಟರೆ ಆ ಕೈಕೆಲಸಕ್ಕೆ ಬೇಕಾದ ಉಳಿದದ್ದೆಲ್ಲ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಒಳಗೇ ಸಿಗುತ್ತದೆ. ಅದರ ಹಿಂದಿನ ಲೆಕ್ಕ ತುಂಗಭದ್ರೆಯ ಮೀನಿಗೂ ಅಷ್ಟೇ ಸಲ್ಲುತ್ತದೆ.

ಗಾಳ ಹಾಕುವುದು ಕೆಲಸವಿಲ್ಲದವರ ಕೆಲಸ ಅಂತ ಮೂಗು ಮುರಿಯುವವರಿಗೆ ಮೊದಲು ಒಬ್ಬ ಅರಸನ ಹೆಸರು ಹೇಳಿಬಿಡುತ್ತೇನೆ. ಇಟಗಿಯ ಮಹಾದೇವ ದೇಗುಲವನ್ನು 1112ರಲ್ಲಿ ಕಟ್ಟಿಸಿದ ಮಹಾದೇವ ದಂಡನಾಯಕ ಆರನೆಯ ವಿಕ್ರಮಾದಿತ್ಯನ ಸೇನಾನಿ ಎಂಬುದು ನಮ್ಮ ಭಾಗದವರಿಗೆಲ್ಲ ಗೊತ್ತು. ಅದೇ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ, ಭೂಲೋಕಮಲ್ಲ. ಕಲ್ಯಾಣದ ಗದ್ದುಗೆಯಲ್ಲಿ ಕುಳಿತು ಅವನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ 100 ಅಧ್ಯಾಯಗಳಿವೆ. ಅಡುಗೆ, ಆನೆ, ಸಂಗೀತ, ರಾಜನೀತಿ ಎಲ್ಲದರ ನಡುವೆ ಮತ್ಸ್ಯವಿನೋದವೂ ಒಂದು. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಮೇವು, ದಾರ ಹೇಗಿರಬೇಕು, ಕೊಕ್ಕೆ ಹೇಗಿರಬೇಕು ಎಂದೆಲ್ಲ ಅರಸ ವಿವರಿಸುತ್ತಾನೆ. ಗಾಳ ಬಿಡುವ ಮೊದಲು ಮೀನಿಗೆ ಒಂದು ಜಾಗದಲ್ಲಿ ಮೇವು ಹಾಕಿ ರೂಢಿ ಮಾಡಿಸುವ ಮಾತೂ ಅದರಲ್ಲಿದೆ. ಪುಸ್ತಕ ಸುಮಾರು 1130ರದು. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಕೃತಿ ಎನ್ನುವುದು 1496ರದು. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ದೀರ್ಘ ಲೇಖನ ಬರೆದು ವಿಜ್ಞಾನಿಗಳ ಗಮನ ಸೆಳೆದರು. ನಮ್ಮ ನೆಲದ ಅರಸ ಬರೆದದ್ದನ್ನು ನಾವೇ ಓದದಿರುವುದು ಹೊಸ ಸುದ್ದಿಯೇನಲ್ಲ ಬಿಡಿ.

ಸೋಮೇಶ್ವರನ ಮೀನುಗಳಿಗೆ ಹಿಟ್ಟಿನ ಉಂಡೆ, ಅನ್ನ, ಮಾಂಸದ ಮೇವು. ಟ್ರೌಟಿನ ಬೇಟೆಗಾರ ಹಿಟ್ಟು ಮುಟ್ಟುವುದಿಲ್ಲ. ಅವನು ಹುಳುವನ್ನೇ ಕಟ್ಟುತ್ತಾನೆ, ಗರಿ ಮತ್ತು ದಾರದಿಂದ. ಇದೂ ಹಳೆಯದೇ: ಕ್ರಿ.ಶ. 200ರ ಸುಮಾರಿಗೆ ಈಲಿಯನ್ ಎಂಬ ರೋಮನ್ ಲೇಖಕ ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಸೇರಿಸಿ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದರೆಂದು ಬರೆದಿದ್ದಾನೆ. ಉಣ್ಣೆ, ಹುಂಜದ ಗರಿ. ಎರಡಕ್ಕೂ ಯಲಬುರ್ಗಾದಲ್ಲಿ ಬರವಿಲ್ಲ.

ಕಟ್ಟುವುದು ಯಾವ ಹುಳುವನ್ನು? ಮೇಫ್ಲೈ ಎಂಬ ಕೀಟದ ಮರಿಯನ್ನು. ಸಂಜೆ ಹೊತ್ತು ನದಿ ದಂಡೆಯ ದೀಪದ ಕೆಳಗೆ ಮುತ್ತುವ ಹುಳುಗಳಲ್ಲಿ ಸೂಕ್ಷ್ಮವಾಗಿ ನೋಡಿ. ರೆಕ್ಕೆಗಳನ್ನು ಬೆನ್ನ ಮೇಲೆ ನೆಟ್ಟಗೆ ಜೋಡಿಸಿಕೊಂಡು ಕೂತು, ಹಿಂದೆ ಎರಡು ಮೂರು ಕೂದಲಿನಂಥ ಬಾಲ ಇಳಿಬಿಟ್ಟ ತೆಳ್ಳನೆಯ ಹುಳು ಕಂಡರೆ ಅದೇ. ಅದಕ್ಕೆ ತಿನ್ನುವ ಬಾಯಿಯೇ ಇಲ್ಲ. ರೆಕ್ಕೆ ಬಂದ ಮೇಲೆ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ರೆಕ್ಕೆ ಮೂಡಿದ ಮೇಲೂ ಇನ್ನೊಮ್ಮೆ ಪೊರೆ ಕಳಚುವ ಕೀಟ ಲೋಕದಲ್ಲಿ ಇದೊಂದೇ. ಆದರೆ ಇದು ಅದರ ಬಾಳಿನ ಕೊನೆಯ ಅಂಕ ಮಾತ್ರ. ಅದಕ್ಕೂ ಮೊದಲು ತಿಂಗಳುಗಟ್ಟಲೆ, ಚಳಿ ದೇಶಗಳ ಕೆಲವು ಜಾತಿಗಳಲ್ಲಿ ಎರಡು ವರ್ಷದವರೆಗೂ, ಅದು ನೀರಿನ ತಳದಲ್ಲಿ ಮರಿಯಾಗಿ ಬದುಕಿರುತ್ತದೆ. ಆ ಮರಿಯೇ ನಿಂಫ್.

ಆನೆಗೊಂದಿಯ ಕಡೆ ಬಂಡೆಗಳ ಸಂದಿನಲ್ಲಿ ನೀರು ಸಣ್ಣಗೆ ಹರಿಯುವ ಕಡೆ ಬೊಗಸೆ ಗಾತ್ರದ ಕಲ್ಲೊಂದನ್ನು ಎತ್ತಿ, ಅಡಿಭಾಗ ಮೇಲೆ ಮಾಡಿ ನೋಡಿದರೆ ಏನೋ ಜಾರಿದಂತೆ ಕಾಣುತ್ತದೆ. ಅಕ್ಕಿ ಕಾಳಿಗಿಂತ ಚಿಕ್ಕದು, ಕಂದು ಬಣ್ಣ. ಕಲ್ಲಿನ ಮೇಲಿನ ನೀರು ಆರುವುದರೊಳಗೆ ನೋಡಿಬಿಡಬೇಕು. ತಲೆ ಮತ್ತು ಎದೆಯ ಭಾಗ ದಪ್ಪ, ಹಿಂದಕ್ಕೆ ಹೋದಂತೆ ಸಪೂರ. ಹೊಟ್ಟೆಯ ಎರಡೂ ಮಗ್ಗುಲಲ್ಲಿ ಎಲೆಯಾಕಾರದ ಕಿವಿರುಗಳು ಬಡಿದುಕೊಳ್ಳುತ್ತಿರುತ್ತವೆ. ಬೆನ್ನ ಮೇಲೆ ಕಪ್ಪಗಿನ ಒಂದು ದಿಬ್ಬ, ಮುಂದೆ ರೆಕ್ಕೆಯಾಗಬೇಕಾದದ್ದು ಅಲ್ಲಿ ಮಡಚಿ ಕೂತಿರುತ್ತದೆ. ಹಿಂದೆ ಮೂರು ಬಾಲ. ಇಷ್ಟು ನೋಡಿದಿರೆಂದರೆ ಕಟ್ಟಬೇಕಾದ್ದನ್ನೆಲ್ಲ ನೋಡಿದಂತೆ. ಎದೆ ದಪ್ಪ, ಹೊಟ್ಟೆ ಸಪೂರ, ಬೆನ್ನ ಮೇಲೆ ಕಪ್ಪು, ಹಿಂದೆ ಬಾಲ. ಕಲ್ಲನ್ನು ಇದ್ದ ಹಾಗೇ ಮತ್ತೆ ಇಟ್ಟುಬಿಡಿ, ಅದು ಇನ್ನೂ ಹತ್ತಾರು ಜೀವಿಗಳ ಮನೆ. ಈ ಮರಿಗಳಲ್ಲಿ ಹೆಚ್ಚಿನವಕ್ಕೆ ಕೊಳಕು ನೀರು ಆಗಿಬರುವುದಿಲ್ಲ. ಅದಕ್ಕೇ ಹೊಳೆಯ ಆರೋಗ್ಯ ಪರೀಕ್ಷಿಸುವ ವಿಜ್ಞಾನಿಗಳು ಮೊದಲು ಹುಡುಕುವ ಕೀಟಗಳಲ್ಲಿ ಇದೂ ಸೇರಿದೆ. ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ 2019ರಲ್ಲಿ ಜನ ಸೇರಿ ಹಿರೇಹಳ್ಳ ಸ್ವಚ್ಛ ಮಾಡಿದರಲ್ಲ, ಅಂಥ ಕೆಲಸ ಎಷ್ಟು ಫಲಿಸಿದೆ ಎಂದು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕಾಗಿಲ್ಲ. ಶಾಲೆಯ ಮಕ್ಕಳನ್ನು ಕರೆದೊಯ್ದು ನಾಲ್ಕು ಕಲ್ಲು ಮಗುಚಿಸಿದರೂ ಒಂದು ಅಂದಾಜು ಸಿಗುತ್ತದೆ.

ಮೀನು ಯಾವಾಗಲೂ ಮೇಲೆ ಬಂದು ಹುಳು ಹಿಡಿಯುತ್ತದೆ ಅಂತ ನೋಡುವವರಿಗೆ ಅನ್ನಿಸುತ್ತದೆ. ನಮ್ಮ ಕಣ್ಣಿಗೆ ಬೀಳುವುದು ನೀರಿನ ಮೇಲೆ ಏಳುವ ಉಂಗುರ ಮಾತ್ರ, ಕೆಳಗೆ ನಡೆಯುವ ಊಟ ಕಾಣುವುದಿಲ್ಲ. ಇಂಗ್ಲೆಂಡಿನ ಶ್ರೀಮಂತ ಬೇಟೆಗಾರರೂ ಹೀಗೇ ಅಂದುಕೊಂಡಿದ್ದರು. 1886ರಲ್ಲಿ ಹಾಲ್ಫರ್ಡ್ ಎಂಬುವನು ತೇಲುವ ಹುಳುಗಳ ಬಗ್ಗೆ ಪುಸ್ತಕ ಬರೆದ ಮೇಲಂತೂ, ತೇಲಿಸಿ ಹಿಡಿಯುವುದೇ ಸಜ್ಜನರ ಆಟ, ಮುಳುಗಿಸುವುದು ಹಗುರ ಜನರ ಕೆಲಸ ಎಂಬ ಮಡಿ ಬೆಳೆಯಿತು. ಮೀನು ಹಿಡಿಯುವುದರಲ್ಲೂ ಮಡಿ ಮೈಲಿಗೆ! ಈ ಮಡಿಗೆ ಎದುರು ನಿಂತವನು ಸ್ಕ್ಯೂಸ್ ಎಂಬ ವಕೀಲ. ಹಿಡಿದ ಟ್ರೌಟಿನ ಹೊಟ್ಟೆಯಲ್ಲಿ ಏನಿದೆ ಎಂದು ಉದ್ದನೆಯ ಚಮಚದಿಂದ ತೆಗೆದು ನೋಡುವುದು ಅವನ ಅಭ್ಯಾಸ. ನೋಡಿದರೆ ಬರೀ ನಿಂಫ್‌ಗಳೇ. 1910ರಲ್ಲಿ ಪುಸ್ತಕ ಬರೆದು ಹೇಳಿದ, ಬೈಸಿಕೊಂಡ. 1938ರಲ್ಲಿ ಲಂಡನ್ನಿನ ಕ್ಲಬ್ಬಿನಲ್ಲಿ ಇದರ ಬಗ್ಗೆ ಚರ್ಚಾಸಭೆಯೇ ನಡೆಯಿತು. ಅಷ್ಟರಲ್ಲಿ ಅವನಿಗೆ 79 ವರ್ಷ.

ಸ್ಕ್ಯೂಸನ ಹುಳು ನೀರಿನ ಮೇಲ್ಪದರದ ಕೆಳಗಷ್ಟೇ ಇಳಿಯುತ್ತಿತ್ತು. ಅದಕ್ಕೆ ಭಾರ ಕಟ್ಟಿ ತಳಕ್ಕೆ ಇಳಿಸಿದವನು ಫ್ರಾಂಕ್ ಸಾಯರ್. ವಿಲ್ಟ್‌ಶೈರಿನ ಏವನ್ ನದಿಯಲ್ಲಿ ಸೈನ್ಯಾಧಿಕಾರಿಗಳ ಸಂಘವೊಂದಕ್ಕೆ ಹೊಳೆ ಕಾಯುವ ಆಳು. ಹೊಳೆ ಬಿಟ್ಟು ಬೇರೆ ವಿಶ್ವವಿದ್ಯಾಲಯ ಕಂಡವನಲ್ಲ. ದಿನವಿಡೀ ದಂಡೆಯಲ್ಲಿ ನಿಂತು ನೋಡಿ ಅವನು ಕಂಡುಕೊಂಡದ್ದನ್ನು 1958ರ ಪುಸ್ತಕದಲ್ಲಿ ಬರೆದ. ಈಜುವ ನಿಂಫ್ ಕಾಲುಗಳನ್ನು ಮೈಗೆ ಅಂಟಿಸಿಕೊಂಡೇ ಈಜುತ್ತದೆ, ಆದ್ದರಿಂದ ಕಟ್ಟುವ ಹುಳುವಿಗೆ ಕಾಲೇ ಬೇಡ ಎಂದ. ಇಷ್ಟು ಸರಳವಾದದ್ದನ್ನು ಆವರೆಗೆ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಎರಡನೆಯ ಜಾಣತನ ಅದಕ್ಕಿಂತ ದೊಡ್ಡದು: ದಾರವನ್ನೇ ಬಿಟ್ಟು, ಟ್ರಾನ್ಸ್‌ಫಾರ್ಮರಿಗೆ ಸುತ್ತುವಂಥ ನವಿರು ತಾಮ್ರದ ತಂತಿಯಿಂದ ಹುಳು ಕಟ್ಟಿದ. ಕಟ್ಟುವುದೂ ಅದೇ, ಭಾರವೂ ಅದೇ, ಬಣ್ಣವೂ ಅದೇ.

ತಂತಿ ಎಂದ ಕೂಡಲೇ ನನಗೆ ಗಂಗಾವತಿ ನೆನಪಾಗುವುದು ಸಹಜ. ಪಂಪ್‌ಸೆಟ್ಟಿನ ಮೋಟರ್ ಸುಟ್ಟಿತೆಂದರೆ ಹೊತ್ತುಕೊಂಡು ಬರುವ ರಿವೈಂಡಿಂಗ್ ಅಂಗಡಿಗಳಿಗೆ ಭತ್ತದ ನಾಡಿನಲ್ಲಿ ಬರವೇ? ಪಂಪ್‌ಸೆಟ್ಟಿನ ತಂತಿ ಈ ಕೆಲಸಕ್ಕೆ ದಪ್ಪವಾಯಿತು. ಫ್ಯಾನಿನದು ಪರವಾಗಿಲ್ಲ. ಹಳೆಯ ರೇಡಿಯೊದ ಸಣ್ಣ ಟ್ರಾನ್ಸ್‌ಫಾರ್ಮರ್ ಬಿಚ್ಚಿದರೆ ಒಳಗೆ ಕೂದಲಿನಷ್ಟು ನವಿರಾದ, ಕೆಂಪು ವಾರ್ನಿಷ್ ಹಚ್ಚಿದ ತಂತಿ ಸಿಗುತ್ತದೆ, ಅದು ಅಪ್ಪಟ. ಇನ್ನು ಗರಿ. ಸಾಯರ್ ಬಳಸಿದ್ದು ಫೆಸೆಂಟ್ ಹಕ್ಕಿಯ ಬಾಲದ ಗರಿ. ನಮಗೆ ಜವಾರಿ ಹುಂಜದ ಬಾಲದ ಕಂದು ಗರಿ ಸಾಕು, ಎಳೆ ತುಸು ಗಿಡ್ಡ ಅಷ್ಟೇ. ನವಿಲಿನ ತಂಟೆಗೆ ಹೋಗಬೇಡಿ, ಕಾಡುಮೊಲದ ಕಿವಿಯ ರೋಮ ಬೇಕೆನ್ನುವ ಹಳೆಯ ಪುಸ್ತಕಗಳ ಮಾತನ್ನೂ ಕೇಳಬೇಡಿ. ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ರೋಮದ ಬದಲು ಕಂಬಳಿ ನೇಯುವವರ ಹತ್ತಿರ ಉದುರಿದ ಡೆಕ್ಕನಿ ಕುರಿಯ ಕರಿ ಉಣ್ಣೆ ಒಂದು ಚಿಟಿಕೆ ಇಸಿದುಕೊಂಡರೆ ಅದಕ್ಕಿಂತ ಚೆನ್ನ: ಒರಟು, ಕುರುಚಲು, ನೀರಲ್ಲಿ ಜೀವವಿದ್ದಂತೆ ಅಲುಗುತ್ತದೆ. ದಾರ ಬೇಕೇ ಬೇಕು ಎನ್ನುವವರಿಗೆ ಕುಷ್ಟಗಿ ತಾಲ್ಲೂಕಿನ ಹನುಮಸಾಗರ, ದೋಟಿಹಾಳದ ಮಗ್ಗಗಳಿವೆ. ಇಳಕಲ್ ಸೀರೆಯ ಸೆರಗಿಗೆ ಹಾಕುವ ರೇಷ್ಮೆಯ ಒಂದೆಳೆಗೆ ಜೇನುಮೇಣ ತೀಡಿದರೆ ಸಾಕು, ಹಳೆಯ ಕಾಲದ ಇಂಗ್ಲಿಷ್ ಬೇಟೆಗಾರರು ಬಳಸುತ್ತಿದ್ದುದೂ ಇಂಥದ್ದನ್ನೇ. ಕೊಕ್ಕೆ ಮಾತ್ರ ಒಳ್ಳೆಯದನ್ನು ತರಿಸಿಕೊಳ್ಳಿ, 14 ಅಥವಾ 16ನೆಯ ನಂಬರಿನದು. ನಂಬರ್ ಏರಿದಂತೆ ಕೊಕ್ಕೆ ಚಿಕ್ಕದಾಗುತ್ತದೆ ಎಂಬುದು ನೆನಪಿರಲಿ. ಅಂಗಡಿಯಲ್ಲಿ ಎಡವುವುದು ಇಲ್ಲೇ.

ಕಟ್ಟುವ ಬಗೆ ಹೀಗೆ. ಕೊಕ್ಕೆಯ ಬಾಗಿದ ಭಾಗವನ್ನು ಸಣ್ಣ ವೈಸಿನಲ್ಲಿ ಕಚ್ಚಿಸಿ, ಕಡ್ಡಿ ಅಡ್ಡಡ್ಡ ಮಲಗಿದಂತೆ ಇರಲಿ. ತಂತಿಯನ್ನು ಕಣ್ಣಿನ ಹಿಂದಿನಿಂದ ಶುರು ಮಾಡಿ ಬಾಗಿನವರೆಗೆ ಒತ್ತೊತ್ತಾಗಿ ಸುತ್ತಿ, ಹಾಗೇ ಮುಂದಕ್ಕೆ ತನ್ನಿ. ಎದೆಯ ಜಾಗದಲ್ಲಿ, ಅಂದರೆ ಕಣ್ಣಿಗೆ ಹತ್ತಿರದ ಮೂರನೆಯ ಒಂದು ಭಾಗದಲ್ಲಿ, ಸುತ್ತಿನ ಮೇಲೆ ಸುತ್ತು ಹಾಕಿ ದಿಬ್ಬ ಎಬ್ಬಿಸಿ. ಭಾರವೆಲ್ಲ ಇಲ್ಲಿ ಕೂಡಬೇಕು. ತಂತಿಯನ್ನು ಮತ್ತೆ ಬಾಗಿಗೆ ಒಯ್ದು ನಿಲ್ಲಿಸಿ. ಈಗ ಗರಿಯ ನಾಲ್ಕು ಎಳೆ ಕಿತ್ತು, ತುದಿಗಳು ಸಮ ಇರುವಂತೆ ಹಿಡಿದು, ಬಾಗಿನ ಹಿಂದೆ ತುದಿಗಳು ಒಂದಿಷ್ಟು ಚಾಚುವಂತೆ ತಂತಿಯಿಂದ ಕಟ್ಟಿ: ಬಾಲವಾಯಿತು. ಉಳಿದ ಎಳೆಗಳನ್ನು ತಂತಿಯ ಜೊತೆ ಸೇರಿಸಿ ಹುರಿ ಮಾಡಿ, ಆ ಹುರಿಯನ್ನೇ ಕಣ್ಣಿನವರೆಗೆ ಸುತ್ತಿಕೊಂಡು ಹೋಗಿ. ಗರಿಯ ಎಳೆ ಬಲು ನಾಜೂಕು, ಒಂದೇ ಮೀನಿನ ಹಲ್ಲಿಗೆ ಹರಿಯುತ್ತದೆ. ತಂತಿಯ ಜೊತೆ ಹುರಿಗೊಂಡರೆ ತಾಳುತ್ತದೆ. ಕಣ್ಣಿನ ಹತ್ತಿರ ಬಂದ ಮೇಲೆ ಎಳೆಗಳನ್ನು ತಂತಿಯಿಂದ ಬಿಡಿಸಿ, ದಿಬ್ಬದ ಮೇಲಿನಿಂದ ಹಿಂದಕ್ಕೆ ಮಡಚಿ ಕಟ್ಟಿ. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಕಲ್ಲಿನ ಮೇಲೆ ಕಂಡ ಆ ಕಪ್ಪು ರೆಕ್ಕೆಯ ಚೀಲ ಇದೇ. ತಂತಿಯಿಂದ ಎರಡು ಗಂಟು ಹಾಕಿ, ಕತ್ತರಿಸಿಬಿಡಿ.

ಮೊದಲನೆಯದು ಖಂಡಿತ ದಪ್ಪ ಆಗುತ್ತದೆ. ಎಲ್ಲರ ಕೈಯಲ್ಲೂ ಹಾಗೇ. ಕಿನ್ನಾಳದ ಚಿತ್ರಗಾರರ ಮನೆಯ ಹುಡುಗರು ಮೊದಲು ತಿದ್ದಿದ ಗೊಂಬೆಯಂತೆ, ಮೂಗು ಕಣ್ಣು ಎಲ್ಲ ಇರುತ್ತದೆ, ಆದರೆ ಹದ ಇರುವುದಿಲ್ಲ. ದಪ್ಪವಾದರೆ ನಷ್ಟವೇನು? ಇಲ್ಲಿ ಒಂದು ಸಣ್ಣ ಭೌತಶಾಸ್ತ್ರ ಇದೆ. ಭಾರ ಹೆಚ್ಚಿದ್ದರೆ ಬೇಗ ಮುಳುಗುತ್ತದೆ ಎನ್ನುವುದು ಅರ್ಧ ಸತ್ಯ. ಕೆಳಗೆ ಎಳೆಯುವುದು ಭಾರ, ತಡೆಯುವುದು ಮೈಯ ಅಗಲ. ಗರಿ, ಉಣ್ಣೆ ತುರುಕಿ ಉಬ್ಬಿಸಿದ ಹುಳು ಎಷ್ಟೇ ತಂತಿ ಸುತ್ತಿದರೂ ತೇಲಾಡುತ್ತ ಇಳಿಯುತ್ತದೆ. ಅಷ್ಟೇ ತಂತಿಯ ಸಪೂರ ಹುಳು ಸೂಜಿಯಂತೆ ಇಳಿಯುತ್ತದೆ. ಆದ್ದರಿಂದ ಭಾರ ಸೇರಿಸುವುದಕ್ಕಿಂತ ಗರಿ ಕಡಿಮೆ ಮಾಡುವುದು ಜಾಣತನ. ಕಟ್ಟಿದ ಮೇಲೆ ಗಾಜಿನ ಲೋಟದ ನೀರಿಗೆ ಬಿಟ್ಟು ನೋಡಿ. ತಲೆ ಮುಂದಾಗಿ ನೇರ ಇಳಿದರೆ ಸರಿ. ಗಿರಗಿರ ತಿರುಗಿದರೆ ಸುತ್ತು ಒಂದೇ ಮಗ್ಗುಲಿಗೆ ವಾಲಿದೆ ಎಂದರ್ಥ, ಬಿಚ್ಚಿ ಮತ್ತೆ ಸುತ್ತಬೇಕು.

ಸೀಸ ಅಗ್ಗವಲ್ಲವೇ, ತಾಮ್ರ ಯಾಕೆ ಎನ್ನಬಹುದು. ನೀರಿಗಿಂತ ಸೀಸ 11 ಪಟ್ಟು ಭಾರ, ತಾಮ್ರ 9 ಪಟ್ಟು. ವ್ಯತ್ಯಾಸ ಅಷ್ಟೇನಲ್ಲ. ಆದರೆ ತಳದಲ್ಲಿ ಉಳಿದ ಸೀಸದ ಚೂರನ್ನು ಬಾತುಕೋಳಿ, ಹಂಸಗಳು ಕಲ್ಲೆಂದು ನುಂಗಿ ವಿಷವೇರಿ ಸಾಯುತ್ತವೆ. ಇದೇ ಕಾರಣಕ್ಕೆ ಬ್ರಿಟನ್ 1987ರಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿತು. ಈಗಿನವರು ಟಂಗ್‌ಸ್ಟನ್ ಮಣಿ ಪೋಣಿಸುತ್ತಾರೆ. ಅದು ನೀರಿಗಿಂತ 19 ಪಟ್ಟು ಭಾರ, ಚಿನ್ನದಷ್ಟೇ. ಬೆಲೆಯೂ ತುಸು ಅದೇ ಧಾಟಿಯದು. ಕೊಪ್ಪಳದವರು ತಾಮ್ರಕ್ಕೇ ನಿಂತರೆ ಲೇಸು.

ಇಷ್ಟೆಲ್ಲ ಭಾರದ ಲೆಕ್ಕ ಯಾಕೆಂದರೆ ಹೊಳೆಯಲ್ಲಿ ನೀರು ಒಂದೇ ವೇಗದಲ್ಲಿ ಹರಿಯುವುದಿಲ್ಲ. ಮೇಲೆ ಜೋರು, ತಳಕ್ಕೆ ಹೋದಂತೆ ಕಲ್ಲು ಮರಳಿನ ತಡೆಗೆ ನಿಧಾನ. ಮೀನು ಸೋಮಾರಿ ಎನ್ನಿ, ಲೆಕ್ಕಗಾರ ಎನ್ನಿ. ಮೇಲಿನ ಸೆಳವಿನಲ್ಲಿ ಈಜಿ ದಣಿಯುವುದಕ್ಕಿಂತ ತಳದ ಕಲ್ಲಿನ ಮರೆಯಲ್ಲಿ ನಿಂತು, ಎದುರಿಗೆ ತೇಲಿ ಬಂದದ್ದನ್ನು ಬಾಯಿ ತೆರೆದು ತೆಗೆದುಕೊಳ್ಳುತ್ತದೆ. ನಿಮ್ಮ ಹುಳು ಅದರ ಬಾಯಿಯ ಮಟ್ಟದಲ್ಲಿ, ಅಲ್ಲಿನ ನೀರಿನ ವೇಗದಲ್ಲೇ ಬರಬೇಕು. ಒಂದಡಿ ಮೇಲೆ ಹೋದರೂ ಅದು ಕತ್ತೆತ್ತಿ ನೋಡುವುದಿಲ್ಲ. ತೊಡಕು ಇರುವುದು ದಾರದಲ್ಲಿ. ದಾರ ಮೇಲಿನ ಜೋರು ನೀರಲ್ಲಿ, ಹುಳು ಕೆಳಗಿನ ನಿಧಾನ ನೀರಲ್ಲಿ. ದಾರ ಮುಂದೆ ಓಡಿ ಹುಳುವನ್ನು ಎಳೆದು ಎಬ್ಬಿಸುತ್ತದೆ. ಹಾಗೆ ಎಳೆದ ಹುಳು ಯಾವ ಮೀನಿಗೂ ನಂಬಿಕೆ ಹುಟ್ಟಿಸುವುದಿಲ್ಲ. ಅದಕ್ಕೇ ನಿಂಫನ್ನು ಪ್ರವಾಹಕ್ಕೆ ಎದುರಾಗಿ, ಮೀನು ಇರಬಹುದಾದ ಜಾಗಕ್ಕಿಂತ ಸಾಕಷ್ಟು ಮೇಲಕ್ಕೆ ಎಸೆಯುವುದು. ಮೀನಿನ ಹತ್ತಿರ ಬರುವುದರೊಳಗೆ ಇಳಿಯಲು ಅದಕ್ಕೆ ಹೊತ್ತು ಸಿಗಬೇಕು. ತುದಿಯ ತಂಗೂಸು ದಾರ ನವಿರಾಗಿದ್ದಷ್ಟೂ ನೀರು ಅದನ್ನು ಕಡಿಮೆ ಎಳೆಯುತ್ತದೆ, 0.15 ಮಿಲಿಮೀಟರಿನದು ಸಾಕು. ಪೋಲೆಂಡ್, ಚೆಕ್ ದೇಶದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಸೆಯುವುದನ್ನೇ ಬಹುಪಾಲು ಬಿಟ್ಟರು. ಕೋಲಿನ ತುದಿಯ ಕೆಳಗೇ ಭಾರದ ಹುಳು ಇಳಿಬಿಟ್ಟು, ದಾರ ನೀರಿಗೆ ತಾಗದಂತೆ ಎತ್ತಿ ಹಿಡಿದು, ಹೊಳೆಯ ಜೊತೆ ನಡೆಸುತ್ತಾರೆ. ಸ್ಪರ್ಧೆಗಳಲ್ಲಿ ಗೆದ್ದದ್ದೂ ಹೀಗೆಯೇ.

ಮೀನು ಕಚ್ಚಿದ್ದು ತಿಳಿಯುವುದು ಹೇಗೆ? ಎರೆಹುಳಕ್ಕೆ ಕಚ್ಚಿದ ಮೀನು ಬೆಂಡನ್ನು ಬುಳುಕ್ಕನೆ ಎಳೆದು ಸುದ್ದಿ ಕೊಡುತ್ತದೆ. ಎರೆಹುಳದಲ್ಲಿ ರುಚಿಯಿದೆ, ಮೀನು ನುಂಗುತ್ತದೆ. ತಾಮ್ರದ ಹುಳುವಿನಲ್ಲಿ ರುಚಿ ಎಲ್ಲಿಂದ ಬರಬೇಕು? ಬಾಯಿಗೆ ಹಾಕಿಕೊಂಡ ಮರುಕ್ಷಣವೇ ಉಗುಳುತ್ತದೆ. ಆ ಕ್ಷಣದಲ್ಲಿ ದಾರದ ತುದಿ ನೀರಿನೊಳಗೆ ಹೋಗುವ ಜಾಗದಲ್ಲಿ ಒಂದು ತಡೆ, ಒಂದು ಸಣ್ಣ ನಡುಕ, ಅಷ್ಟೇ. ಕಣ್ಣು ಅಲ್ಲೇ ನೆಟ್ಟಿರಬೇಕು. ತಡೆ ಕಂಡರೆ ಕೋಲು ಎತ್ತಿ. ಹತ್ತರಲ್ಲಿ ಎಂಟು ಸಲ ಕಲ್ಲೇ ಇರುತ್ತದೆ, ಇರಲಿ. ಸಾಯರ್ ಇನ್ನೊಂದು ಉಪಾಯ ಹೇಳಿದ: ಹುಳು ಮೀನಿನ ಮುಂದೆ ಬಂತೆನಿಸಿದಾಗ ಕೋಲಿನ ತುದಿಯನ್ನು ಮೆಲ್ಲನೆ ಎತ್ತಬೇಕು. ಹುಳು ತಳದಿಂದ ಮೇಲಕ್ಕೇಳುತ್ತದೆ, ನಿಜವಾದ ನಿಂಫ್ ರೆಕ್ಕೆ ಬಿಚ್ಚಲು ಮೇಲೇರುವ ಹಾಗೆ. ಕೈತಪ್ಪಿ ಹೋಗುತ್ತಿದೆ ಎಂಬ ಗಾಬರಿಗೆ ಮೀನು ಬಾಯಿ ಹಾಕುತ್ತದೆ. ಮೀನಿನ ಮನಸ್ಸಿನಲ್ಲಿ ಏನಿರುತ್ತದೋ ಬಲ್ಲವರಾರು, ಆದರೆ ಉಪಾಯ ಫಲಿಸುವುದಂತೂ ಹೌದು.

ಭಾರದ ಈ ಲೆಕ್ಕವನ್ನು ನಮ್ಮ ಬೆಸ್ತರಿಗೆ ಇಂಗ್ಲೆಂಡಿನವರು ಬಂದು ಕಲಿಸಬೇಕಾಗಿರಲಿಲ್ಲ. ಬೆಂಡು ಎಲ್ಲಿ ಕಟ್ಟಬೇಕು, ಅದರ ಕೆಳಗೆ ಎಷ್ಟು ಮೊಳ ದಾರ, ಗುಂಡು ಕೊಕ್ಕೆಯಿಂದ ಎಷ್ಟು ದೂರ ಎಂಬುದು ಹರಿಗೋಲಿನಲ್ಲಿ ಕೂತವರಿಗೆ ಕೈಯಲ್ಲೇ ಇರುವ ಲೆಕ್ಕ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯಲ್ಲಿ ಮಹಶೀರ್ ಹಿಡಿಯುವ ಶಿಬಿರಗಳಿದ್ದ ಕಾಲದಲ್ಲಿ ರಾಗಿಮುದ್ದೆಯ ಉಂಡೆಯನ್ನು ತಳಕ್ಕಿಳಿಸಲು ದಾರಕ್ಕೆ ಸೀಸದ ತಂತಿ ಸುತ್ತುತ್ತಿದ್ದರು. ನಿಂಫ್ ಕಟ್ಟುವವನು ಮಾಡಿದ್ದು ಇಷ್ಟೇ, ದಾರದ ಮೇಲಿದ್ದ ಭಾರವನ್ನು ಹುಳುವಿನ ಹೊಟ್ಟೆಯೊಳಗೆ ಅಡಗಿಸಿದ.

ಟ್ರೌಟನ್ನೇ ನೋಡಬೇಕೆಂಬ ಹಠವಿದ್ದರೆ ಚಾಮರಾಜನಗರದ ಗಡಿ ದಾಟಿ ನೀಲಗಿರಿ ಹತ್ತಬೇಕು. ಅದೂ ಅಲ್ಲಿನ ಮೂಲನಿವಾಸಿಯಲ್ಲ. ಭಾರತದ ಮೀನುಗಳ ಮೇಲೆ ದೊಡ್ಡ ಗ್ರಂಥ ಬರೆದ ಫ್ರಾನ್ಸಿಸ್ ಡೇ 1863ರಲ್ಲಿ ಮೊಟ್ಟೆ ತರಿಸುವ ಯತ್ನ ಮಾಡಿ ಸೋತ. 20ನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚೆಯಲ್ಲಿ ಮರಿ ಮಾಡಿಸಿದ ಮೇಲೆ ರೇನ್‌ಬೋ ಟ್ರೌಟ್ ಅಲ್ಲಿ ನೆಲೆಯೂರಿತು. ನಮ್ಮ ಹೊಳೆಗಳ ಮೀನಿನ ಬೇಟೆಯ ಬಗ್ಗೆ ಬರೆದವನು ಇನ್ನೊಬ್ಬ, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್. ಅವನ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಮೋಜಿನ ಪುಸ್ತಕವಾದರೂ ವಿಷ ಹಾಕಿ, ಮರಿಗಳನ್ನೂ ಬಿಡದೆ ಬಾಚಿ ಹಿಡಿಯುವುದರ ಬಗ್ಗೆ ಅವನಿಗೆ ಗಂಭೀರ ಆತಂಕವಿತ್ತು. ನೀರಿಗೆ ಸಿಡಿಮದ್ದು, ವಿಷ ಹಾಕುವುದನ್ನು ಅಪರಾಧವೆಂದ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ. ಇಂದಿಗೂ ತುಂಗಭದ್ರೆಯಲ್ಲಿ ಸಿಡಿಮದ್ದಿನ ಕಾಟ ಪೂರ್ತಿ ಹೋಗಿಲ್ಲ ಎಂಬುದು ನಾಚಿಕೆಯ ಸಂಗತಿ. ಒಂದು ಸಿಡಿತಕ್ಕೆ ಮೀನು, ಮರಿ, ಕಲ್ಲಿನಡಿಯ ನಿಂಫ್ ಎಲ್ಲ ಒಟ್ಟಿಗೆ ಹೋಗುತ್ತವೆ.

ಹಾಗಾದರೆ ಇಲ್ಲಿ ಈ ಹುಳುವಿಗೆ ಬಾಯಿ ಹಾಕುವವರು ಯಾರು? ಕೆರೆಗೆ ಬಿಟ್ಟು ಸಾಕುವ ಕಾಟ್ಲಾ, ರೋಹುವಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಕಾಟ್ಲಾ ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ರೋಹುವಿಗೆ ಸೊಪ್ಪುಸದೆಯೇ ಇಷ್ಟ. ಬಾಳೆಮೀನು, ಕೊರವನಿಗೆ ಮೀನೇ ಬೇಕು, ಇಂಥ ಚಿಲ್ಲರೆ ತುತ್ತಿಗೆ ಅವು ಸೊಪ್ಪು ಹಾಕುವುದಿಲ್ಲ. ಸಣ್ಣ ಗೆಂಡೆಗಳು ಒಳ್ಳೆಯ ಗಿರಾಕಿಗಳು. ಕೆರೆ, ಕಾಲುವೆಗಳಲ್ಲಿ ತುಂಬಿಕೊಂಡಿರುವ ಜಿಲೇಬಿ ಮೀನೂ ಸಣ್ಣ ನಿಂಫಿಗೆ ಬೀಳುತ್ತದೆ. ಹೊಳೆಯಿಲ್ಲದ ಕುಷ್ಟಗಿ, ಯಲಬುರ್ಗಾದವರು ಬೇಸರಪಡಬೇಕಾಗಿಲ್ಲ. ಕ್ಲೋಯಾನ್ ಕುಲದ ಮೇಫ್ಲೈ ನಿಂತ ನೀರಲ್ಲೇ ಬೆಳೆಯುತ್ತದೆ. ಅಲ್ಲಿ ಎಸೆತದ ರೀತಿ ಬೇರೆ: ಇಳಿಯಲು ಬಿಟ್ಟು, ಮೀನಿಗೆ ಕಾಣದಂತೆ ಕೂತು, ಬೆರಳಿನಿಂದ ದಾರವನ್ನು ಗೇಣು ಗೇಣಾಗಿ, ನಡುನಡುವೆ ನಿಲ್ಲಿಸಿ ಎಳೆದುಕೊಳ್ಳಬೇಕು. ಕೆರೆಯ ಮೀನಿನ ಹಕ್ಕು ಬಹಳ ಕಡೆ ಮೀನುಗಾರರ ಸಹಕಾರಿ ಸಂಘಕ್ಕೋ ಗುತ್ತಿಗೆ ಹಿಡಿದವರಿಗೋ ಇರುತ್ತದೆ. ಅವರನ್ನು ಒಂದು ಮಾತು ಕೇಳಿ ಕೂತರೆ ಜಗಳವಿಲ್ಲ.

ನದಿಯಲ್ಲಿ ಮಾತ್ರ ಎಚ್ಚರ ಬೇಕು. ಮುನಿರಾಬಾದಿನ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ 2015ರಿಂದ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿನ ಮೀನಿನ ಮೊದಲ ಹಕ್ಕುದಾರರು ನೀರುನಾಯಿಗಳು. ಅರಣ್ಯ ಇಲಾಖೆಯನ್ನು ಕೇಳದೆ ಗಾಳ ಬಿಚ್ಚುವುದು ಸರಿಯಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಇದ್ದಂತೆ ಸೊಂಟದವರೆಗೆ ನೀರಿಗಿಳಿದು ನಿಲ್ಲುವ ಶೋಕಿಯೂ ಬೇಡ, ಮೊಸಳೆಗಳಿವೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡರೆ ಬೇಡದ ಮೀನನ್ನು ನೋಯಿಸದೆ ಬಿಡಬಹುದು. ಬಿಡುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈಗೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದೆ, ಅದು ಹೋದರೆ ರೋಗ ಹತ್ತುತ್ತದೆ.

ಕಾಲ ನವೆಂಬರಿನಿಂದ ಫೆಬ್ರವರಿ. ನೀರು ಇಳಿದು, ತಿಳಿಯಾಗಿ, ತಳದ ಕಲ್ಲು ಕಾಣುವಾಗ ಮೀನು ಕಣ್ಣಿನಿಂದ ಮೇವು ಹುಡುಕುತ್ತದೆ. ನಿಂಫ್ ನಡೆಯುವುದು ಆಗಲೇ. ಆಗಸ್ಟಿನಲ್ಲಿ ಮುನಿರಾಬಾದಿನ ಗೇಟು ಎತ್ತಿ ಕೆನ್ನೀರು ಬಂಡೆ ಹತ್ತಿ ಹರಿಯುವಾಗ ತಾಮ್ರ, ಟಂಗ್‌ಸ್ಟನ್ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಆ ನೀರಲ್ಲಿ ಮೀನು ವಾಸನೆ ಹಿಡಿದು ಮೇಯುತ್ತದೆ. ಕಟ್ಟಿದ ಹುಳುಗಳನ್ನು ಡಬ್ಬಿಯಲ್ಲಿಟ್ಟು, ದಂಡೆಗೂ ಹೋಗದೆ, ಹೊಲದ ಬದುವಿನ ಕಾಲುವೆಗೆ ಎರೆಹುಳ ಪೋಣಿಸಿ ಬಿಟ್ಟರಾಯಿತು.